ಮೂರು ದಿನ ಮೊದಲೇ ಹೇಳಿಡಬೇಕಾದ ನೀರು

ಹೋದ ಸಂಚಿಕೆಯಲ್ಲಿ ಮಾತಿನ ನಡುವೆ ಒಂದು ಸಾಲು ಜಾರಿಬಿಟ್ಟಿತ್ತು. ಅಮೆರಿಕದ ಕೊಲರಾಡೊ ನದಿಯ ಕೆಳತುದಿಯಲ್ಲಿ, ಯೂಮಾ ಎಂಬ ಮರುಭೂಮಿಯ ಊರಿನಲ್ಲಿ ಕುಳಿತು ಹತ್ತೊಂಬತ್ತು ವರ್ಷ ನೀರಿಗೆ ವೇಳಾಪಟ್ಟಿ ಬರೆದವಳು ನಾನು ಎಂದು. ಈ ಸಲದ ಅಂಚೆಯಲ್ಲಿ ಬೇರೆ ಪ್ರಶ್ನೆಗಳೇ ಇಲ್ಲ. ನೀರಿಗೂ ವೇಳಾಪಟ್ಟಿಯೇ ಎಂದು ನಕ್ಕವರು ಕೆಲವರು, ನಂಬದವರು ಕೆಲವರು. ಹಾಗಾಗಿ ಈ ಸಂಚಿಕೆ ಪೂರ್ತಿ ಒಂದೇ ನದಿಗೆ ಮೀಸಲು.

ಓದುವ ಮೊದಲು ಒಂದು ಅಳತೆ ತಿಳಿದಿರಲಿ. ಅಲ್ಲಿ ನೀರನ್ನು ಎಕರೆ-ಅಡಿಯಲ್ಲಿ ಎಣಿಸುತ್ತಾರೆ. ಒಂದು ಎಕರೆ ಹೊಲದ ಮೇಲೆ ಒಂದು ಅಡಿ ನೀರು ನಿಲ್ಲಿಸಿದರೆ ಎಷ್ಟೋ ಅಷ್ಟು, ಸುಮಾರು 12.3 ಲಕ್ಷ ಲೀಟರ್. ಒಂದು ಟಿಎಂಸಿ ಎಂದರೆ ಸುಮಾರು 23 ಸಾವಿರ ಎಕರೆ-ಅಡಿ.

ಪ್ರಶ್ನೆ: ಗೇಟು ಎತ್ತಿದರೆ ನೀರು ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ. ಇದಕ್ಕೆ ವೇಳಾಪಟ್ಟಿ ಬರೆಯಲು ಒಬ್ಬ ಎಂಜಿನಿಯರ್ ಯಾಕೆ ಬೇಕು? – ನಿವೃತ್ತ ಗಣಿತ ಶಿಕ್ಷಕರೊಬ್ಬರು

ನೀವು ಗಣಿತದವರಾದ್ದರಿಂದ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಯೂಮಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಮೂರು ಅಂಗುಲ. ಹೊಲಕ್ಕೆ ಬೇಕಾದ ಹನಿಹನಿಯೂ ನದಿಯಿಂದಲೇ ಬರಬೇಕು. ನದಿಯಿಂದ ಕಾಲುವೆಗೆ ನೀರು ತಿರುಗುವುದು ಇಂಪೀರಿಯಲ್ ಅಣೆಕಟ್ಟಿನಲ್ಲಿ. ಅದರ ಹಿಂದೆ ಹೇಳಿಕೊಳ್ಳುವಷ್ಟು ಸಂಗ್ರಹವಿಲ್ಲ. ಅದು ನೀರನ್ನು ಪಕ್ಕಕ್ಕೆ ತಿರುಗಿಸುವ ಗೋಡೆ, ಅಷ್ಟೇ. ನಿಜವಾದ ನಲ್ಲಿ ಇರುವುದು ಸುಮಾರು 230 ಕಿಲೋಮೀಟರ್ ಮೇಲೆ, ಪಾರ್ಕರ್ ಅಣೆಕಟ್ಟಿನಲ್ಲಿ. ಅಲ್ಲಿ ಬಿಟ್ಟ ನೀರು ನಮ್ಮನ್ನು ಮುಟ್ಟಲು ಸುಮಾರು ಮೂರು ದಿನ ಬೇಕು. ಅಂದರೆ ಗುರುವಾರ ಬೆಳಿಗ್ಗೆ ರೈತನೊಬ್ಬನ ಲೆಟಿಸ್ ಸೊಪ್ಪಿನ ಸಾಲಿಗೆ ಹರಿಯಬೇಕಾದ ನೀರು ಸೋಮವಾರವೇ ಪಾರ್ಕರ್‌ನಿಂದ ಹೊರಟಿರಬೇಕು.

ಇಲ್ಲೇ ಪೇಚು. ಆ ಅಣೆಕಟ್ಟಿನ ನೀರನ್ನೇ ನಂಬಿದ, ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯ ರೈತ ತನಗೆ ನೀರು ಬೇಕೆಂದು ಹೇಳುವುದು ಹಿಂದಿನ ದಿನ ಮಧ್ಯಾಹ್ನದೊಳಗೆ. ನೀರಾದರೋ ಅವನು ಬಾಯಿ ಬಿಡುವ ಎರಡು ದಿನ ಮೊದಲೇ ದಾರಿಯಲ್ಲಿರಬೇಕು! ಹಾಗಾಗಿ ಅವನು ಏನು ಕೇಳಬಹುದು ಎಂದು ಮೊದಲೇ ಊಹಿಸುವುದು ನಮ್ಮ ಕೆಲಸವಾಗಿತ್ತು. ಹೋದ ವರ್ಷ ಇದೇ ವಾರ ಎಷ್ಟು ಹೋಗಿತ್ತು, ಎಷ್ಟು ಹೊಲದಲ್ಲಿ ಕುದುರೆ ಮಸಾಲೆ ಮೇವು ಕಟಾವಾಗಿದೆ, ಬಿತ್ತನೆ ಎಲ್ಲಿಗೆ ಬಂತು, ಗಾಳಿ ಹೇಗಿದೆ. ದಾರಿಯಲ್ಲಿ ಆವಿಯಾಗುವುದನ್ನೂ ದಂಡೆಯ ಟ್ಯಾಮರಿಸ್ಕ್ ಪೊದೆಗಳು ಕುಡಿಯುವುದನ್ನೂ ಸೇರಿಸಿ, ಗಡಿಯಾಚೆ ಮೆಕ್ಸಿಕೊಗೆ ಹೋಗಬೇಕಾದ್ದನ್ನು ಕೂಡಿಸಿ, ಕೊನೆಗೆ ಒಂದು ಅಂಕಿ ಬರೆದು ಮೇಲಕ್ಕೆ ಕಳುಹಿಸುತ್ತಿದ್ದೆವು. ಒಂದು ಕ್ಯೂಸೆಕ್ ಇಡೀ ದಿನ ಹರಿದರೆ ಎರಡು ಎಕರೆ-ಅಡಿ ಎಂಬುದು ಅಲ್ಲಿ ಎಲ್ಲರ ಬಾಯಲ್ಲಿರುವ ಮಗ್ಗಿ. ಅದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಉಳಿದ ಅರ್ಧ ಮಳೆ. ಮರುಭೂಮಿಯಲ್ಲಿ ಮಳೆ ಬಂದರೆ ಊರಿಗೆಲ್ಲ ಹಬ್ಬ, ನಮಗೆ ಮಾತ್ರ ಸಂಕಟ. ನಾನು ಸೇರಿದ ಎರಡನೆಯ ಚಳಿಗಾಲ ಇರಬೇಕು. ರಾತ್ರಿ ಹತ್ತರ ಹೊತ್ತಿಗೆ ಕಿಟಕಿಯ ಮೇಲೆ ನಾಲ್ಕು ಹನಿ ಬಿದ್ದವು. ಪಕ್ಕದ ಮೇಜಿನ ಹಿರಿಯರು ಪೆನ್ನು ಕೆಳಗಿಟ್ಟು, 'ಇನ್ನು ಫೋನು ಶುರುವಾಗುತ್ತದೆ ನೋಡು' ಎಂದರು. ಬೆಳಗಾಗುವಷ್ಟರಲ್ಲಿ ರೈತರೆಲ್ಲ ನೀರು ಬೇಡ ಎಂದಿದ್ದರು. ಬೇಡ ಎನ್ನುವುದೇನೋ ಸುಲಭ, ಆದರೆ ಮೂರು ದಿನದ ನೀರು ಆಗಲೇ ನದಿಯಲ್ಲಿದೆ. ಅದಕ್ಕೆ ಹಿಂದಿರುಗು ಎನ್ನಲು ಬಾಯಿಲ್ಲ. ಮಾಪಕದ ಸೂಜಿ ಏರುವುದನ್ನು ನೋಡುತ್ತ ಕೂರುವುದೊಂದೇ ದಾರಿ. ಹಾಗೆ ಬಂದ ನೀರು ನಮ್ಮನ್ನು ದಾಟಿ, ಮೆಕ್ಸಿಕೊ ಜೊತೆಗಿನ ಒಪ್ಪಂದದ ಲೆಕ್ಕಕ್ಕೂ ಸೇರದೆ, ಗಡಿಯಾಚೆ ಹೋಗಿಬಿಡುತ್ತಿತ್ತು.

ಈ ಪೇಚಿಗಾಗಿಯೇ 2010ರಲ್ಲಿ, ಇಂಪೀರಿಯಲ್ ಅಣೆಕಟ್ಟಿನಿಂದ ಕಣಿವೆಗೆ ನೀರು ಒಯ್ಯುವ ಆಲ್ ಅಮೆರಿಕನ್ ಕಾಲುವೆಯ ಪಕ್ಕದಲ್ಲಿ ಬ್ರಾಕ್ ಜಲಾಶಯ ಕಟ್ಟಿದರು. ಜಲಾಶಯ ಎಂದು ಗೌರವಕ್ಕೆ ಹೇಳಬೇಕು. ಮರಳಿನ ನಡುವೆ ಅಕ್ಕಪಕ್ಕದಲ್ಲಿ ಎರಡು ದೊಡ್ಡ ತೊಟ್ಟಿಗಳು. ಎರಡೂ ಸೇರಿ 8,000 ಎಕರೆ-ಅಡಿ. ಬೇಡವೆನಿಸಿಕೊಂಡ ನೀರು ಅದರೊಳಗೆ ಇಳಿಯುತ್ತದೆ, ಬೇಕಾದಾಗ ಪಂಪಿಲ್ಲದೆಯೇ ಕಾಲುವೆಗೆ ಮರಳುತ್ತದೆ. ವರ್ಷಕ್ಕೆ ಸುಮಾರು 70 ಸಾವಿರ ಎಕರೆ-ಅಡಿ ಉಳಿಯುತ್ತದೆಂದು ಅಂದಾಜು. ಖರ್ಚು ಬಿದ್ದದ್ದು 17.2 ಕೋಟಿ ಡಾಲರ್. ಅದರಲ್ಲಿ ಬಹುಪಾಲು ಕೊಟ್ಟದ್ದು ಯಾರು ಎಂದುಕೊಂಡಿರಿ? ನೂರಾರು ಕಿಲೋಮೀಟರ್ ದೂರದ ಲಾಸ್ ವೇಗಸ್ ಕಡೆಯವರು. ಇಲ್ಲಿ ಉಳಿದ ನೀರಿಗೆ ಬದಲಾಗಿ ಮೇಲೆ ಹೂವರ್ ಅಣೆಕಟ್ಟಿನ ಹಿಂದಿರುವ ಮೀಡ್ ಜಲಾಶಯದಿಂದ ಒಂದಿಷ್ಟು ಎತ್ತಿಕೊಳ್ಳುವ ಹಕ್ಕು ಅವರಿಗೆ ಸಿಕ್ಕಿತು. ನೀರು ಅಲುಗಲಿಲ್ಲ, ಖಾತೆ ಅಲುಗಿತು.

ಒಂದು ತಪ್ಪೊಪ್ಪಿಗೆಯೂ ಇದೆ. ಒಮ್ಮೆ ನಾನೇ ದಿನಾಂಕದ ಕಾಲಂ ತಪ್ಪಿ, ಮಂಗಳವಾರದ ಅಂಕಿಯನ್ನು ಸೋಮವಾರಕ್ಕೆ ಬರೆದುಬಿಟ್ಟೆ. ತಪ್ಪು ತಿಳಿಯುವ ಹೊತ್ತಿಗೆ ನೀರು ಹೊರಟಾಗಿತ್ತು. ಬೇರೆ ಕಚೇರಿಗಳಲ್ಲಿ ತಪ್ಪು ಕಡತದಲ್ಲಿ ಅಡಗಿ ಕೂರುತ್ತದೆ. ನನ್ನದು ಮೂರು ಹಗಲು ಮೂರು ರಾತ್ರಿ ನಡೆದುಕೊಂಡು ಬಂದು ನನ್ನೆದುರೇ ಹಾದು ಹೋಯಿತು.

ಪ್ರಶ್ನೆ: ಒಂದೇ ನದಿಗೆ ಅಷ್ಟೊಂದು ಅಣೆಕಟ್ಟು ಏಕೆ? ಹೂವರ್ ಒಂದೇ ಸಾಕಿತ್ತಲ್ಲವೇ? – ಎಂಜಿನಿಯರಿಂಗ್ ವಿದ್ಯಾರ್ಥಿನಿ

ಒಂದೊಂದು ಅಣೆಕಟ್ಟಿಗೆ ಒಂದೊಂದು ಸ್ವಭಾವ. ನಿಮಗೆ ಪಾಠದಲ್ಲಿ ಎತ್ತರ, ದಪ್ಪ, ಕಾಂಕ್ರೀಟಿನ ಲೆಕ್ಕ ಹೇಳಿರುತ್ತಾರೆ. ನಾನು ಅವುಗಳ ಉದ್ಯೋಗ ಹೇಳುತ್ತೇನೆ.

ಹೂವರ್ ಅಣೆಕಟ್ಟಿನ ಕೆಲಸ ಕೂಡಿಡುವುದು. ನದಿಯ ನೀರು ಬಹುಪಾಲು ರಾಕಿ ಪರ್ವತಗಳ ಹಿಮ ಕರಗಿ ಬರುವಂಥದ್ದು. ಎಲ್ಲವೂ ಬೇಸಿಗೆಯ ಆರಂಭದ ಎರಡು ಮೂರು ತಿಂಗಳಲ್ಲಿ ಧುಮುಕುತ್ತದೆ. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಉದ್ಘಾಟಿಸಿದ 221 ಮೀಟರ್ ಎತ್ತರದ ಆ ಗೋಡೆಯ ಹಿಂದೆ ನಿಂತ ಮೀಡ್ ಜಲಾಶಯ ತುಂಬಿದರೆ ನದಿಯ ಎರಡು ವರ್ಷದ ಹರಿವು ಅದರಲ್ಲಿ ಹಿಡಿಸುತ್ತದೆ. ಆದರೆ ಹೂವರ್‌ನ ಟರ್ಬೈನುಗಳು ಓಡುವುದು ಪಟ್ಟಣಗಳ ವಿದ್ಯುತ್ ಬೇಡಿಕೆ ನೋಡಿಕೊಂಡು. ಮಧ್ಯಾಹ್ನ ಹವಾನಿಯಂತ್ರಣ ಯಂತ್ರಗಳು ಒಟ್ಟಿಗೆ ಗುಡುಗಿದಾಗ ನೀರು ನುಗ್ಗುತ್ತದೆ, ನಡುರಾತ್ರಿ ಸೊರಗುತ್ತದೆ. ಈ ಏರಿಳಿತವನ್ನು ರೈತನ ಮೇಲೆ ಹೊರಿಸಲಾಗುವುದಿಲ್ಲ. ಅದನ್ನು ಸಮ ಮಾಡಲು ಕೆಳಗೆ ಡೇವಿಸ್ ಅಣೆಕಟ್ಟು. ಅದರ ಕೆಳಗೆ 1938ರಲ್ಲಿ ಮುಗಿದ ಪಾರ್ಕರ್. ಅದರ ಎತ್ತರ 320 ಅಡಿ, ಅದರಲ್ಲಿ 235 ಅಡಿ ನದಿಯ ತಳದ ಕೆಳಗೇ ಹೂತಿದೆ. ಮೊದಲ ಸಲ ನೋಡಿದವರು 'ಇಷ್ಟೇಯೇ?' ಎನ್ನುತ್ತಾರೆ. ಪಾರ್ಕರ್ ಹಿಂದಿನ ಹವಾಸು ಜಲಾಶಯದಿಂದ ಎರಡು ಕೃತಕ ನದಿಗಳು ಹುಟ್ಟುತ್ತವೆ: ಪಶ್ಚಿಮಕ್ಕೆ ಲಾಸ್ ಏಂಜಲೀಸ್ ಕಡೆ 242 ಮೈಲಿ, ಪೂರ್ವಕ್ಕೆ ಫೀನಿಕ್ಸ್ ಮತ್ತು ಟೂಸಾನ್ ಕಡೆ 336 ಮೈಲಿ. ಎರಡೂ ಗುಡ್ಡ ಹತ್ತಬೇಕು. ಟೂಸಾನ್‌ವರೆಗೆ ನೀರನ್ನು ಒಟ್ಟು ಸುಮಾರು 2,900 ಅಡಿ ಎತ್ತುತ್ತಾರೆ. ಅರಿಜೋನಾದಲ್ಲಿ ಅತಿ ಹೆಚ್ಚು ವಿದ್ಯುತ್ ನುಂಗುವ ಗ್ರಾಹಕ ಆ ಕಾಲುವೆಯೇ.

ಕೆಳಗೆ ಇಂಪೀರಿಯಲ್‌ನಲ್ಲಿ ಪಂಪಿನ ಗೊಡವೆಯಿಲ್ಲ. ಇಂಪೀರಿಯಲ್ ಕಣಿವೆಯ ಬಹುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿರುವುದರಿಂದ ನೀರು ತಾನಾಗಿ ಇಳಿದು ಹೋಗುತ್ತದೆ. ಯೂಮಾದಲ್ಲಿ ಇನ್ನೊಂದು ಸೊಗಸಿದೆ, ಯಾರಾದರೂ ಅತಿಥಿಗಳು ಬಂದರೆ ಅಲ್ಲಿಗೇ ಕರೆದೊಯ್ಯುತ್ತಿದ್ದೆ. ಕ್ಯಾಲಿಫೋರ್ನಿಯಾ ದಂಡೆಯಲ್ಲಿ ಬರುವ ಕಾಲುವೆಯ ನೀರು 1912ರಲ್ಲಿ ಕಟ್ಟಿದ ಸುರಂಗದಲ್ಲಿ ನದಿಯ ಹೊಟ್ಟೆಯ ಕೆಳಗೆ ನುಸುಳಿ ಅರಿಜೋನಾ ದಂಡೆಯಲ್ಲಿ ಮೇಲೇಳುತ್ತದೆ. ನದಿಯಿಂದ ತೆಗೆದ ನೀರು ನದಿಯನ್ನೇ ಅಡಿಯಿಂದ ದಾಟುತ್ತದೆ!

ಇನ್ನು ಮೇಲಿರುವ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು. 1963ರಲ್ಲಿ ಅದರ ಗೇಟು ಮುಚ್ಚಿ ಪೊವೆಲ್ ಜಲಾಶಯ ತುಂಬಲು ಶುರು ಮಾಡಿದರು, ತುಂಬಲು ಹಿಡಿದದ್ದು ಹದಿನೇಳು ವರ್ಷ. ಅದನ್ನು ನಾನು ಬ್ಯಾಂಕು ಎನ್ನುತ್ತೇನೆ. ಮೇಲಿನ ನಾಲ್ಕು ರಾಜ್ಯಗಳು ಕೆಳಗಿನ ಮೂರು ರಾಜ್ಯಗಳಿಗೆ ಕೊಡಬೇಕಾದ ನೀರನ್ನು ಬರಗಾಲದಲ್ಲೂ ತಪ್ಪದೆ ಕೊಡಲು ಇಟ್ಟುಕೊಂಡ ಠೇವಣಿ ಅದು.

ಆ ಬ್ಯಾಂಕು 1983ರಲ್ಲಿ ಒಡೆಯುವುದರಲ್ಲಿತ್ತು. ನಾನು ಸೇರುವ ಮೊದಲಿನ ಮಾತಾದರೂ ಊಟದ ಮೇಜಿನಲ್ಲಿ ನೂರು ಸಲ ಕೇಳಿದ್ದೇನೆ. ಜಲಾಶಯ ಆಗಲೇ ತುಂಬಿಕೊಂಡಿತ್ತು. ವಸಂತದ ಕೊನೆಯಲ್ಲಿ ಬಿದ್ದ ಹಿಮ ಒಮ್ಮೆಲೇ ಕರಗಿತು. ಹೆಚ್ಚುವರಿ ನೀರಿನ ಸುರಂಗಗಳನ್ನು ತೆರೆದರೆ ಒಳಗಿನಿಂದ ಗುಡುಗು, ಕೆಳಗೆ ಕೆಂಪು ನೀರು, ಅದರ ಜೊತೆ ಕಾಂಕ್ರೀಟಿನ ಚೂರು. ಅಷ್ಟು ವೇಗದಲ್ಲಿ ಹರಿವ ನೀರಿನಲ್ಲಿ ಆವಿಯ ಸಣ್ಣ ಗುಳ್ಳೆಗಳು ಹುಟ್ಟಿ ಗೋಡೆಯ ಮೇಲೆ ಒಡೆಯುತ್ತವೆ. ಒಂದೊಂದು ಗುಳ್ಳೆಯೂ ಒಂದು ಸುತ್ತಿಗೆ ಏಟು. ಕಾಂಕ್ರೀಟು ಕಿತ್ತು, ಹಿಂದಿನ ಮರಳುಗಲ್ಲನ್ನು ನೀರು ಕೊರೆಯತೊಡಗಿತ್ತು. ಸುರಂಗ ಮುಚ್ಚಿದರೆ ನೀರು ಗೇಟಿನ ಮೇಲೆ ಉಕ್ಕುತ್ತದೆ. ಆಗ ಅವರು ಮಾಡಿದ್ದೇನು ಗೊತ್ತೇ? ಗೇಟುಗಳ ನೆತ್ತಿಯ ಮೇಲೆ ನಾಲ್ಕು ಅಡಿ ಎತ್ತರದ ಪ್ಲೈವುಡ್ ಹಲಗೆಗಳನ್ನು ನಿಲ್ಲಿಸಿದರು. ಬಡಗಿಯ ಅಂಗಡಿಯಲ್ಲಿ ಸಿಗುವ ಅದೇ ಪ್ಲೈವುಡ್! ಆಮೇಲೆ ಉಕ್ಕಿನ ಹಲಗೆ ಬಂತು, ನೀರೂ ಇಳಿಯಿತು. ಜಗತ್ತಿನ ದೊಡ್ಡ ಅಣೆಕಟ್ಟುಗಳಲ್ಲಿ ಒಂದು ಕೆಲವು ದಿನ ಪ್ಲೈವುಡ್ ನಂಬಿ ನಿಂತಿತ್ತು ಎಂಬುದನ್ನು ನಿಮ್ಮ ಪ್ರಾಧ್ಯಾಪಕರಿಗೂ ಹೇಳಿ.

ಪ್ರಶ್ನೆ: ಹೂವರ್ ಅಣೆಕಟ್ಟಿನ ಕಾಂಕ್ರೀಟಿನೊಳಗೆ ಕಾರ್ಮಿಕರ ಶವಗಳು ಹಾಗೆಯೇ ಉಳಿದಿವೆಯಂತೆ, ನಿಜವೇ?

ಇಲ್ಲ. ಕಾಂಕ್ರೀಟನ್ನು ಒಂದೇ ಸಲ ಸುರಿಯಲಿಲ್ಲ. ಪ್ರತ್ಯೇಕ ದಿಮ್ಮಿಗಳಾಗಿ, ಐದೈದು ಅಡಿಯಂತೆ ಏರಿಸಿದರು. ಒಂದು ಬಕೆಟ್ ಸುರಿದರೆ ಮಟ್ಟ ಏರುತ್ತಿದ್ದದ್ದು ಕೆಲವು ಅಂಗುಲ ಮಾತ್ರ, ಮನುಷ್ಯ ಮುಳುಗುವಷ್ಟಲ್ಲ. ಆದರೆ ಕಟ್ಟುವಾಗ ಸತ್ತವರ ಅಧಿಕೃತ ಸಂಖ್ಯೆ 96. ಕಾಂಕ್ರೀಟಿನೊಳಗೆ ಹುಡುಕುವ ಆಸಕ್ತಿಯಲ್ಲಿ ಕಾಲು ಪಾಲನ್ನಾದರೂ ಆ ಪಟ್ಟಿಯ ಕಡೆ ತೋರಿಸಬಹುದು.

ಪ್ರಶ್ನೆ: ಇಷ್ಟೆಲ್ಲ ಲೆಕ್ಕ ಇಟ್ಟವರಿಗೆ ನೀರಿನ ಕೊರತೆ ಯಾಕೆ ಬಂತು? – ವಕೀಲರೊಬ್ಬರು

ಲೆಕ್ಕ ಇಟ್ಟದ್ದರಿಂದಲೇ ಬಂತು ಸ್ವಾಮಿ.

1922ರ ನವೆಂಬರಿನಲ್ಲಿ ನ್ಯೂ ಮೆಕ್ಸಿಕೊದ ಸಾಂಟಾ ಫೆ ಬಳಿ ಏಳು ರಾಜ್ಯಗಳ ಪ್ರತಿನಿಧಿಗಳು ಕುಳಿತು ನದಿಯನ್ನು ಹಂಚಿಕೊಂಡರು. ಅಧ್ಯಕ್ಷತೆ ವಹಿಸಿದ್ದವರು ಹರ್ಬರ್ಟ್ ಹೂವರ್. ಆಗ ವಾಣಿಜ್ಯ ಮಂತ್ರಿ, ಆಮೇಲೆ ರಾಷ್ಟ್ರಾಧ್ಯಕ್ಷ. ಮೇಲಿನ ನಾಲ್ಕು ರಾಜ್ಯಗಳಿಗೆ 75 ಲಕ್ಷ ಎಕರೆ-ಅಡಿ, ಕೆಳಗಿನ ಮೂರಕ್ಕೆ 75 ಲಕ್ಷ. 1944ರಲ್ಲಿ ಮೆಕ್ಸಿಕೊಗೆ 15 ಲಕ್ಷ ಸೇರಿತು. ಒಟ್ಟು 1.65 ಕೋಟಿ. ನದಿಯಲ್ಲಿ ಅಷ್ಟು ನೀರಿದೆ ಎಂದು ನಂಬಲು ಆಗ ಕಾರಣವಿತ್ತು, ಏಕೆಂದರೆ ಅದರ ಹಿಂದಿನ ವರ್ಷಗಳು ಚೆನ್ನಾಗಿ ಹರಿದಿದ್ದವು. ಆಮೇಲೆ ಹಳೆಯ ಮರಗಳ ಉಂಗುರ ಎಣಿಸಿ ನೋಡಿದರೆ, ಆ ಕಾಲ ಹಲವು ಶತಮಾನಗಳಲ್ಲೇ ಅತಿ ತೇವದ ಕಾಲಗಳಲ್ಲಿ ಒಂದು ಎಂದು ತಿಳಿಯಿತು. ಮದುವೆಯ ದಿನದ ಊಟ ನೋಡಿ ತಿಂಗಳ ಸಾಮಾನಿನ ಚೀಟಿ ಬರೆದಂತಾಗಿತ್ತು. 2000ದಿಂದ ಈಚೆಗೆ ನದಿ ಕೊಡುತ್ತಿರುವುದು ವರ್ಷಕ್ಕೆ ಸರಾಸರಿ ಒಂದೂಕಾಲು ಕೋಟಿಯ ಆಸುಪಾಸು. ಅದರ ಮೇಲೆ ಮೀಡ್ ಒಂದರಿಂದಲೇ ವರ್ಷಕ್ಕೆ ಸುಮಾರು ಆರು ಲಕ್ಷ ಎಕರೆ-ಅಡಿ ಆವಿಯಾಗಿ ಹೋಗುತ್ತದೆ. ಕೆಳಗಿನ ರಾಜ್ಯಗಳ ಪಾಲಿನಲ್ಲಿ ಆ ಆವಿಯನ್ನು ಯಾರ ಖಾತೆಗೂ ಹಾಕಿರಲಿಲ್ಲ. ಆಕಾಶಕ್ಕೆ ಖಾತೆ ತೆರೆಯಲು ಯಾರಿಗೂ ತೋಚಿರಲಿಲ್ಲ ಎನ್ನಿ.

ನಮ್ಮಲ್ಲಿ ಎರಡು ಮಾತು ಬಳಕೆಯಲ್ಲಿತ್ತು: ಕಾಗದದ ನೀರು, ಒದ್ದೆ ನೀರು. ಕಾಗದದ್ದು ಹಕ್ಕುಪತ್ರದಲ್ಲಿರುವುದು, ಒದ್ದೆಯದು ಕಾಲುವೆಯಲ್ಲಿರುವುದು. ಇಂಪೀರಿಯಲ್ ಕಣಿವೆಯ ಕಾಗದದಲ್ಲಿ ವರ್ಷಕ್ಕೆ 31 ಲಕ್ಷ ಎಕರೆ-ಅಡಿ ಇದೆ. ಇಡೀ ನೆವಾಡಾ ರಾಜ್ಯಕ್ಕೆ ಇರುವುದು ಮೂರು ಲಕ್ಷ! ಕಾರಣ ಸರಳ, ಅವರು ಮೊದಲು ಬಂದು ಮೊದಲು ತಿರುಗಿಸಿಕೊಂಡವರು. ಅಲ್ಲಿನ ಕಾನೂನಿನಲ್ಲಿ ಮೊದಲು ಬಂದವನ ಕೊಡ ತುಂಬಿದ ಮೇಲೆಯೇ ಎರಡನೆಯವನ ಸರದಿ. ಕೊರತೆ ಬಂದರೆ ಕೊನೆಯಲ್ಲಿ ಬಂದವನು ಮೊದಲು ಕಳೆದುಕೊಳ್ಳುತ್ತಾನೆ.

ಈ ಸರದಿಗಾಗಿ ಬಂದೂಕು ಹೊರಬಂದದ್ದೂ ಉಂಟು. 1934ರಲ್ಲಿ ಪಾರ್ಕರ್ ಅಣೆಕಟ್ಟು ಕಟ್ಟುವುದನ್ನು ತಡೆಯಲು ಅರಿಜೋನಾದ ಗವರ್ನರ್ ಬೆಂಜಮಿನ್ ಮೂರ್ ಸೈನಿಕರನ್ನೇ ಕಳುಹಿಸಿದರು. ಅವರು ಹತ್ತಿದ ದೋಣಿಗಳನ್ನು ಪತ್ರಿಕೆಗಳು 'ಅರಿಜೋನಾ ನೌಕಾಪಡೆ' ಎಂದು ಗೇಲಿ ಮಾಡಿದವು. ದೋಣಿ ಕೇಬಲಿಗೆ ಸಿಕ್ಕಿಕೊಂಡು ಎದುರಾಳಿಗಳೇ ಬಂದು ಬಿಡಿಸಬೇಕಾಯಿತು ಎಂದು ಕಥೆ. ಕೊನೆಗೆ ಅರಿಜೋನಾ, ಫೀನಿಕ್ಸ್ ಮತ್ತು ಟೂಸಾನ್ ಕಡೆಗೆ ಹೋಗುವ ತನ್ನ ಕಾಲುವೆಗಾಗಿ 1968ರಲ್ಲಿ ಒಂದು ಷರತ್ತಿಗೆ ತಲೆಬಾಗಿತು: ಕೊರತೆಯಾದರೆ ಕ್ಯಾಲಿಫೋರ್ನಿಯಾಕ್ಕೆ ಮೊದಲು, ನಮ್ಮ ಕಾಲುವೆಗೆ ಆಮೇಲೆ. ಆ ಸಹಿಯ ಬೆಲೆ ತಿಳಿದದ್ದು ಐವತ್ತಮೂರು ವರ್ಷದ ಮೇಲೆ. 2021ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಅಧಿಕೃತ ಕೊರತೆ ಘೋಷಣೆಯಾಗಿ ಅರಿಜೋನಾ ಮರುವರ್ಷ 5.12 ಲಕ್ಷ ಎಕರೆ-ಅಡಿ ಬಿಟ್ಟುಕೊಡಬೇಕಾಯಿತು. ಕ್ಯಾಲಿಫೋರ್ನಿಯಾ ಆ ವರ್ಷ ಒಂದು ಹನಿಯನ್ನೂ ಬಿಡಲಿಲ್ಲ. ಮೀಡ್ ಜಲಾಶಯದ ಮಟ್ಟ 2022ರ ಜುಲೈನಲ್ಲಿ ಸುಮಾರು 1,040 ಅಡಿಗೆ ಇಳಿಯಿತು; 1937ರಲ್ಲಿ ಮೊದಲ ಸಲ ತುಂಬುತ್ತಿದ್ದಾಗಿನಿಂದ ಅಷ್ಟು ಕೆಳಗೆ ಹೋದದ್ದಿಲ್ಲ. ಇನ್ನೂ ಇಳಿದು 895 ಅಡಿ ಮುಟ್ಟಿದರೆ ಅಣೆಕಟ್ಟಿನಿಂದ ಕೆಳಕ್ಕೆ ನೀರೇ ದಾಟದು. ಅದಕ್ಕೆ ಅವರು ಇಟ್ಟ ಹೆಸರು ಸತ್ತ ಮಟ್ಟ.

ವಕೀಲರಿಗೆ ಇನ್ನೊಂದು ವಿಷಯ ಹಿಡಿಸಬಹುದು. ಇಂಪೀರಿಯಲ್‌ನ ರೈತ ಒಂದು ಎಕರೆ-ಅಡಿಗೆ ವರ್ಷಗಳ ಕಾಲ ಕೊಡುತ್ತ ಬಂದದ್ದು 20 ಡಾಲರ್. ಅದೇ ನದಿಯ ನೀರು ಶುದ್ಧವಾಗಿ ದಕ್ಷಿಣ ಕ್ಯಾಲಿಫೋರ್ನಿಯಾದ ನಗರಗಳಿಗೆ ಸಗಟಾಗಿ ತಲುಪುವಾಗ ಸಾವಿರ ಡಾಲರ್ ದಾಟುತ್ತದೆ. ಇದನ್ನು ಕೇಳಿದವರು ಕೂಡಲೇ ರೈತನನ್ನು ಬೈಯುತ್ತಾರೆ. ಬೈಯುವವರ ತಟ್ಟೆಯಲ್ಲಿ ಜನವರಿಯಲ್ಲೂ ಹಸಿರು ಸೊಪ್ಪು ಇರುತ್ತದೆ, ಅದು ಬಂದದ್ದು ಆ ಕಣಿವೆಯಿಂದ ಇಲ್ಲವೇ ಯೂಮಾದಿಂದ. ಹಾಗೆಂದು ಕಡುಬೇಸಿಗೆಯಲ್ಲಿ ಕುದುರೆ ಮಸಾಲೆಗೆ ನೀರು ನಿಲ್ಲಿಸುವುದನ್ನು ನಾನು ಸಮರ್ಥಿಸುವುದಿಲ್ಲ. ಅಲ್ಲಿದ್ದಾಗ ಬಾಯಿ ಬಿಟ್ಟು ಹೇಳುವಂತಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಪ್ರಶ್ನೆ: ಲಾಸ್ ವೇಗಸ್‌ನ ಕಾರಂಜಿಗಳನ್ನು ನಿಲ್ಲಿಸಿದರೆ ನದಿ ಉಳಿಯುವುದಿಲ್ಲವೇ?

ಎಲ್ಲರ ಕಣ್ಣೂ ಆ ಕಾರಂಜಿಯ ಮೇಲೇ. ನಿಜ ಹೇಳಬೇಕೆಂದರೆ ಆ ಕಣಿವೆಯ ಮನೆ ಹೋಟೆಲುಗಳ ಒಳಗೆ ಬಳಸಿದ ನೀರು ಬಹುತೇಕ ಪೂರ್ತಿ ಶುದ್ಧವಾಗಿ ಮೀಡ್ ಜಲಾಶಯಕ್ಕೆ ಮರಳುತ್ತದೆ. ಮರಳಿಸಿದಷ್ಟನ್ನು ಮತ್ತೆ ಎತ್ತಿಕೊಳ್ಳಬಹುದು. ಮರಳದಿರುವುದು ಹುಲ್ಲುಹಾಸಿಗೆ ಹಾಕಿದ ನೀರು. ಅದಕ್ಕೇ 2021ರಲ್ಲಿ ನೆವಾಡಾ, ಯಾರೂ ಕಾಲಿಡದ ಅಲಂಕಾರದ ಹುಲ್ಲನ್ನು ಕೀಳಿಸಲು ಕಾನೂನನ್ನೇ ತಂದಿತು. ಕಾರಂಜಿ ಬಿಡಿ, ಹುಲ್ಲು ನೋಡಿ.

ಪ್ರಶ್ನೆ: 'ಕೊಲರಾಡೊ' ಎಂದರೇನು?

ಸ್ಪ್ಯಾನಿಷ್‌ನಲ್ಲಿ ಕೆಂಪಗಿರುವುದು ಎಂದು. ಗ್ಲೆನ್ ಕ್ಯಾನ್ಯನ್‌ನ ಬುಡದಲ್ಲಿ ನಿಂತು ನೋಡಿದರೆ ಈಗ ಅದು ತಣ್ಣಗಿನ ಹಸಿರು ನೀರು.

ಪ್ರಶ್ನೆ: ಆ ಕೆಂಪು ಮಣ್ಣೆಲ್ಲ ಎಲ್ಲಿ ಹೋಯಿತು? ಹೂಳಿನ ಸಮಸ್ಯೆ ಇಲ್ಲವೇ? – ಕೃಷಿಕರೊಬ್ಬರು

ಜಲಾಶಯಗಳ ತಳದಲ್ಲಿದೆ. ಹಿಂದೆ ಈ ನದಿಯನ್ನು 'ಕುಡಿಯಲು ದಪ್ಪ, ಉಳಲು ತೆಳು' ಎನ್ನುತ್ತಿದ್ದರು. ಆ ಹೂಳು ಒಂದು ಸರೋವರವನ್ನೇ ಹುಟ್ಟಿಸಿದ ಕಥೆ ಕೇಳಿ.

ಇಂಪೀರಿಯಲ್ ಕಣಿವೆಗೆ ಮೊದಲು ನೀರು ಹೋಗುತ್ತಿದ್ದದ್ದು ಮೆಕ್ಸಿಕೊ ನೆಲದ ಮೂಲಕ ಬಳಸಿ ಬರುವ ಕಾಲುವೆಯಲ್ಲಿ. 1904ರಲ್ಲಿ ಅದು ಹೂಳಿನಿಂದ ಕಟ್ಟಿಕೊಂಡಿತು. ಬೆಳೆ ಒಣಗುತ್ತಿತ್ತು. ಅವಸರದಲ್ಲಿ ನದಿಯ ದಂಡೆಗೆ ಇನ್ನೊಂದು ಬಾಯಿ ಕೊರೆದರು, ಗೇಟು ಹಾಕಲಿಲ್ಲ. 1905ರಲ್ಲಿ ಪ್ರವಾಹ ಮೇಲಿಂದ ಮೇಲೆ ಬಂದು ಆ ಬಾಯಿಯನ್ನು ಅಗಲಿಸಿತು. ಇಡೀ ನದಿ ಸಮುದ್ರದ ದಾರಿ ಬಿಟ್ಟು ಕಣಿವೆಯ ತಗ್ಗಿಗೆ ಇಳಿಯಿತು. ಮುಚ್ಚಿದ್ದು 1907ರ ಫೆಬ್ರವರಿಯಲ್ಲಿ, ಸದರ್ನ್ ಪೆಸಿಫಿಕ್ ರೈಲ್ವೆಯವರು ಸೇತುವೆಯ ಮೇಲಿಂದ ವ್ಯಾಗನ್‌ಗಟ್ಟಲೆ ಬಂಡೆ ಸುರಿದು. ಅಷ್ಟರಲ್ಲಿ ತಗ್ಗಿನಲ್ಲಿ ನಿಂತ ನೀರೇ ಇಂದಿನ ಸಾಲ್ಟನ್ ಸರೋವರ. ಅದಕ್ಕೆ ಹೊರದಾರಿಯಿಲ್ಲ. ಹೊಲಗಳ ಅಡಿಯಿಂದ ಬಸಿದ ಉಪ್ಪು ನೀರೆಲ್ಲ ಅಲ್ಲಿಗೇ ಸೇರಿ ಈಗದು ಸಮುದ್ರಕ್ಕಿಂತ ಉಪ್ಪು. ನೀರು ಉಳಿಸಿದಷ್ಟೂ ಅಲ್ಲಿಗೆ ಬಸಿಯುವುದು ಕಡಿಮೆಯಾಗಿ ತಳ ಒಣಗಿ ದೂಳೇಳುತ್ತದೆ. ಉಳಿತಾಯದ ದೂಳು ಮಕ್ಕಳ ಶ್ವಾಸಕೋಶಕ್ಕೆ ಹೋಗುತ್ತದೆ.

ಇಂಪೀರಿಯಲ್ ಅಣೆಕಟ್ಟಿನಲ್ಲಿ ಈಗ ಕಾಲುವೆಗೆ ಇಳಿಯುವ ಮೊದಲು ನೀರು ವಿಶಾಲವಾದ ತೊಟ್ಟಿಗಳಲ್ಲಿ ಮೆಲ್ಲಗೆ ಸಾಗುತ್ತದೆ. ತಳದಲ್ಲಿ ಉದ್ದುದ್ದ ತೋಳುಗಳು ಗಡಿಯಾರದ ಮುಳ್ಳಿನಂತೆ ಸುತ್ತುತ್ತ ಕೆಸರನ್ನು ಗುಡಿಸಿ ಮತ್ತೆ ನದಿಗೇ ತಳ್ಳುತ್ತವೆ. ಮಧ್ಯಾಹ್ನದ ಬುತ್ತಿಯನ್ನು ನಾನು ಎಷ್ಟೋ ಸಲ ಅಲ್ಲೇ ಕುಳಿತು ತಿಂದಿದ್ದೇನೆ. ತೋಳು ಸುತ್ತುವುದು ಕಣ್ಣಿಗೆ ಕಾಣುವುದೇ ಇಲ್ಲ ಎನ್ನುವಷ್ಟು ನಿಧಾನ.

ಪ್ರಶ್ನೆ: ಕಾಲುವೆಗೆ ಕಾಂಕ್ರೀಟು ಹಾಕಿದರೆ ಸೋರಿಕೆ ನಿಲ್ಲುತ್ತದೆ. ಇದರಿಂದ ಯಾರಿಗೆ ನಷ್ಟ?

ಸೋರಿದ್ದನ್ನು ಕುಡಿಯುತ್ತಿದ್ದವರಿಗೆ. ಆಲ್ ಅಮೆರಿಕನ್ ಕಾಲುವೆ ಗಡಿಯ ಗುಂಟ ಮರಳಿನಲ್ಲಿ ಹರಿಯುತ್ತದೆ. ನಾನಿದ್ದಾಗಲೇ ಅದರ 23 ಮೈಲಿಗೆ ಕಾಂಕ್ರೀಟು ಹಾಕಿದರು. ವರ್ಷಕ್ಕೆ 67,700 ಎಕರೆ-ಅಡಿ ಉಳಿತಾಯ, ಬಹುಪಾಲು ಸ್ಯಾನ್ ಡಿಯಾಗೊ ನಗರದ ಕಡೆಗೆ. ನಮ್ಮ ಕಾಗದದಲ್ಲಿ ಅದು 'ನಷ್ಟ' ಎಂಬ ಕಾಲಂನಲ್ಲಿತ್ತು. ಗಡಿಯಾಚೆ ಮೆಹಿಕಾಲಿಯ ರೈತರು ಅದೇ ನಷ್ಟವನ್ನು ಬಾವಿಯಿಂದ ಎತ್ತಿ ಬೆಳೆ ಬೆಳೆಯುತ್ತಿದ್ದರು. ಅವರು ನ್ಯಾಯಾಲಯಕ್ಕೂ ಹೋದರು, ಕೆಲಸ ನಿಲ್ಲಲಿಲ್ಲ. ಅದೇ ಕಾಲುವೆಯ ಸೆಳೆತದಲ್ಲಿ, ಗಡಿ ದಾಟಲು ಬಂದ ನೂರಾರು ಜನ ಮುಳುಗಿ ಸತ್ತಿದ್ದಾರೆ. ಹತ್ತಲು ಏಣಿ, ಹಿಡಿಯಲು ತೇಲುವ ಹಗ್ಗ ಬಂದದ್ದು ಬಹಳ ತಡವಾಗಿ.

ಪ್ರಶ್ನೆ: ಕೊನೆಗೆ ಈ ನದಿ ಸಮುದ್ರ ಸೇರುತ್ತದೆಯೇ? – ಗೃಹಿಣಿಯೊಬ್ಬರು

ಸಾಮಾನ್ಯವಾಗಿ ಇಲ್ಲ. ಗಡಿಯ ಮೊರೆಲೊಸ್ ಅಣೆಕಟ್ಟಿನಲ್ಲಿ ಉಳಿದ ನೀರನ್ನೆಲ್ಲ ಮೆಕ್ಸಿಕೊದ ಕಾಲುವೆಗೆ ತಿರುಗಿಸುತ್ತಾರೆ. ಅದರ ಕೆಳಗೆ ನದಿಯ ಪಾತ್ರ ಎಂದರೆ ಮರಳು, ಟೈರಿನ ಗುರುತು, ಅಲ್ಲೊಂದು ಇಲ್ಲೊಂದು ಪೊದೆ.

ಒಂದು ಸಲ ಸೇರಿತು. ಎರಡು ದೇಶಗಳೂ ಒಪ್ಪಿ 2014ರ ಮಾರ್ಚ್ 23ರಂದು ಮೊರೆಲೊಸ್‌ನ ಗೇಟು ಎತ್ತಿದವು. ಎಂಟು ವಾರದಲ್ಲಿ ಸುಮಾರು 1.05 ಲಕ್ಷ ಎಕರೆ-ಅಡಿ, ನದಿಯ ಒಂದು ವರ್ಷದ ನೀರಿನಲ್ಲಿ ಶೇಕಡ ಒಂದರಷ್ಟೂ ಇಲ್ಲ. ಆ ಪ್ರವಾಹಕ್ಕೂ ವೇಳಾಪಟ್ಟಿ ಇತ್ತು: ಯಾವ ದಿನ ಎಷ್ಟು, ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು. ಅದರ ಪ್ರತಿ ನನ್ನ ಚೀಲದಲ್ಲಿತ್ತು. ರಜೆ ಹಾಕಿ ಸ್ಯಾನ್ ಲೂಯಿಸ್ ರಿಯೊ ಕೊಲರಾಡೊ ಎಂಬ ಊರಿಗೆ ಹೋದೆ. ಊರಿನ ಹೆಸರಿನಲ್ಲೇ ನದಿ ಇದೆ, ಊರಿನ ಮಕ್ಕಳು ನದಿಯನ್ನು ನೋಡಿರಲಿಲ್ಲ.

ಸೇತುವೆಯ ಕೆಳಗೆ ಜನ ಕಾಯುತ್ತಿದ್ದರು. ನೀರು ಅಲೆಯಾಗಿ ಬರುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಹಾಗಲ್ಲ, ಅದು ನಡೆಯಲು ಕಲಿಯುವ ಮಗುವಿನಂತೆ ಬಂತು. ಮುಂದೆ ಬಿಳಿ ನೊರೆಯ ಒಂದು ಅಂಚು, ಅದರಲ್ಲಿ ಕಡ್ಡಿ, ಒಣ ಎಲೆ, ಇರುವೆಗಳು. ಮರಳು ಕುಡಿದಷ್ಟು ಹೊತ್ತು ನಿಲ್ಲುವುದು, ಮತ್ತೆ ಒಂದು ಮಾರು ಮುಂದೆ. ನೆಲದೊಳಗಿನ ಗಾಳಿ ಗುಳುಗುಳು ಮೇಲೆ ಬರುತ್ತಿತ್ತು. ಮಕ್ಕಳು ಆ ಅಂಚಿನ ಮುಂದೆ ಮುಂದೆ ಹಿಂದಕ್ಕೆ ನಡೆಯುತ್ತಿದ್ದರು. ನಡುವಯಸ್ಸಿನವರು ಕುಣಿದರು, ಕುದುರೆಗಳನ್ನೂ ನೀರಿಗಿಳಿಸಿದರು.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದು ಕಣಕಾಲು ನೀರಲ್ಲಿ ನಿಂತಿದ್ದರು. ನಾನು ಕಚೇರಿಯವಳು ಎಂದು ಹೇಗೆ ತಿಳಿಯಿತೋ, ನನ್ನ ಹರಕು ಸ್ಪ್ಯಾನಿಷ್‌ಗೆ ಅರ್ಥವಾಗುವಂತೆ ನಿಧಾನವಾಗಿ ಕೇಳಿದರು: 'ನಾಳೆಯೂ ಬರುತ್ತದೆಯೇ?'

ಮೇ 18ಕ್ಕೆ ಗೇಟು ಇಳಿಯುತ್ತದೆ ಎಂದು ಚೀಲದ ಕಾಗದದಲ್ಲಿತ್ತು. 'ನಾಳೆ ಬರುತ್ತದೆ' ಎಂದೆ.